ಗೋಧಿಯೂ ಚರ್ಮವೂ

ಹೆಸರು ದಾರಿ ತೋರಿಸುವಂತೆ ದಾರಿ ತಪ್ಪಿಸಲೂ ಬಲ್ಲದು. ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿದ ನಾನು ಇದನ್ನು ನಿವೃತ್ತನಾದ ಮೇಲೆ ಮೈಯ ಮೇಲೇ ಕಲಿಯಬೇಕಾಯಿತು.

ಎರಡೂ ಮೊಣಕೈ, ಎರಡೂ ಮೊಣಕಾಲುಗಳ ಮೇಲೆ ನೀರುಗುಳ್ಳೆಗಳ ಗೊಂಚಲು. ತಡೆಯಲಾರದ ಉರಿ, ತುರಿಕೆ. ನೆರೆಯವರು ಸರ್ಪಸುತ್ತು ಎಂದರು, ಕೆಮ್ಮಣ್ಣು ಹಚ್ಚಿಸಿದರು. ಎರಡು ವರ್ಷ ಸಂದವು. ಕೊನೆಗೆ ಕಂಡ ಚರ್ಮವೈದ್ಯರು, "ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ಬರುತ್ತದೆ, ಮೇಷ್ಟ್ರೇ, ಇದು ಎರಡೂ ಕಡೆ ಇದೆಯಲ್ಲ" ಎಂದರು. ಗುಳ್ಳೆಯನ್ನು ಬಿಟ್ಟು, ಅದರ ಪಕ್ಕದ ನೆಟ್ಟಗಿದ್ದ ಚರ್ಮದ ಚೂರನ್ನು ಪರೀಕ್ಷೆಗೆ ಕಳುಹಿಸಿದರು. ರೋಗದ ಗುರುತು ಅಲ್ಲಿತ್ತು.

ಇದು ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. 1884ರಲ್ಲಿ ಫಿಲಡೆಲ್ಫಿಯಾದ ಲೂಯಿ ಡ್ಯೂರಿಂಗ್ ಇದನ್ನು ಈ ಹೆಸರಿನಿಂದ ವರ್ಣಿಸಿದರು. ಹರ್ಪಿಸ್ ಎಂಬುದರ ಗ್ರೀಕ್ ಮೂಲಕ್ಕೆ ತೆವಳುವುದೆಂದು ಅರ್ಥ. ಸಂಸ್ಕೃತದ 'ಸರ್ಪ' ಅದರ ದಾಯಾದಿ ಪದ. ಆದರೆ ಈ ರೋಗದಲ್ಲಿ ಸರ್ಪವೂ ಇಲ್ಲ, ಹರ್ಪಿಸ್ ವೈರಸ್ಸೂ ಇಲ್ಲ. ಹೋಲಿಕೆ ಗುಳ್ಳೆಯ ರೂಪಕ್ಕಷ್ಟೇ.

ಬೇರು ಕರುಳಿನಲ್ಲಿದೆ. ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟನ್ ಎಂಬ ಅಂಟು ಕೆಲವರ ಕರುಳಿಗೆ ಒಗ್ಗದೆಂಬುದನ್ನು ಹಾಲೆಂಡಿನ ಮಕ್ಕಳ ವೈದ್ಯ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದ್ದರು. ಈ ಚರ್ಮರೋಗಿಗಳ ಕರುಳಿನಲ್ಲೂ ಅದೇ ಹಾನಿಯಿದೆಯೆಂದು 1966ರಲ್ಲಿ ತಿಳಿಯಿತು. ಗ್ಲುಟನ್ನಿನಿಂದ ಕೆರಳಿದ ದೇಹ ತನ್ನದೇ ಕಿಣ್ವಗಳ ವಿರುದ್ಧ ಪ್ರತಿಕಾಯಗಳನ್ನು ಹೂಡುತ್ತದೆ. ಅವು ಚರ್ಮದಲ್ಲಿ ನೆಲೆಸುತ್ತವೆ. ಹೊಟ್ಟೆ ದೂರದಿದ್ದರೂ ಮೊಣಕೈ ದೂರುತ್ತದೆ.

ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್ ಗುಳಿಗೆ ಕೆಲವೇ ದಿನಗಳಲ್ಲಿ ತುರಿಕೆ ಇಳಿಸಿತು. ಅದು ರಕ್ತಕಣಗಳನ್ನು ನಾಶಮಾಡಬಲ್ಲದಾದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಕರುಳನ್ನಂತೂ ಅದು ವಾಸಿಮಾಡದು. ನಿಜವಾದ ಮದ್ದು ಪಥ್ಯವೇ. ಅದು ಜೀವನಪರ್ಯಂತ, ಫಲ ಕಾಣಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳೇ. ಅಕ್ಕಿ, ರಾಗಿ, ಜೋಳ ನನಗೆ ಉಳಿದವು. ಆದರೆ ಅಂಗಡಿಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆತಿರುತ್ತದೆಂದು ಯಾರಿಗೆ ಗೊತ್ತಿತ್ತು!

ಕಷ್ಟವಾದದ್ದು ನಾಲಗೆಗಲ್ಲ. ತಮ್ಮನ ಮಗಳ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ರವೆಯ ಸಪಾದಭಕ್ಷ್ಯವನ್ನು ಕಣ್ಣಿಗೊತ್ತಿಕೊಂಡು ಅವಳ ಮಗುವಿನ ಕೈಗಿತ್ತೆ. "ದೊಡ್ಡಪ್ಪ, ಪ್ರಸಾದವನ್ನೂ ಬೇಡವೆನ್ನುತ್ತೀರಾ?" ಎಂದಳು, ಕಣ್ಣು ತುಂಬಿತ್ತು. ಕುಳಿತು ಎಲ್ಲವನ್ನೂ ವಿವರಿಸಿದೆ. ಮರುವರ್ಷ ನೈವೇದ್ಯಕ್ಕೆ ಎರಡು ಪಾತ್ರೆಗಳಿದ್ದವು, ಒಂದರಲ್ಲಿ ಅಕ್ಕಿತರಿಯದು.

ಇಂಥ ತುರಿಕೆಯುಳ್ಳವರು ತಾವಾಗಿಯೇ ಗೋಧಿ ಬಿಡಬಾರದು. ಮೊದಲೇ ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಮರೆಯಾದೀತು. ಮೊದಲು ಚರ್ಮವೈದ್ಯರನ್ನು ಕಾಣಲಿ. ಹೆಸರಿಡುವ ಆತುರ ನಮಗೆ ಬೇಡ.