ಗೇಟಿನಲ್ಲಿ ನಿಂತವರ ಲೆಕ್ಕ

(ಪೀಣ್ಯದಲ್ಲಿ ನಡೆದ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಘೋಷಣೆ ಕೊನೆಗಿರಲಿ. ಮೊದಲು ಒಂದು ಲೆಕ್ಕ ಕೇಳುತ್ತೇನೆ. ನೀವು ದಿನವೂ ದುಡಿಯುವ ಕಂಪನಿಯ ಹೆಸರು ನಿಮ್ಮ ಕೊರಳಿನ ಗುರುತಿನ ಚೀಟಿಯಲ್ಲಿ ಇರುವವರು ಎಷ್ಟು ಜನ? ಗುತ್ತಿಗೆದಾರನ ಹೆಸರು ಇರುವವರು ಎಷ್ಟು ಜನ? ಕೈ ಎತ್ತಿ.

ನೋಡಿ, ಎರಡನೆಯ ಸಲ ಎದ್ದ ಕೈಗಳೇ ಹೆಚ್ಚು. ಇವತ್ತು ನಾನು ಹೇಳಬೇಕಾದ ಮಾತೆಲ್ಲ ಆ ಕೈಗಳಲ್ಲೇ ಇದೆ.

ಮೊನ್ನೆ ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಮುಂದೆ ಗದಗದ ಕಡೆಯ ಹುಡುಗನೊಬ್ಬ ಸಿಕ್ಕಿದ. ಐಟಿಐ ಮುಗಿಸಿದವನು, ಕೈಯಲ್ಲಿ ಫಿಟ್ಟರ್ ಸರ್ಟಿಫಿಕೇಟು, ಮೈಮೇಲೆ ಸೆಕ್ಯುರಿಟಿ ಸಮವಸ್ತ್ರ. "ಯಾವ ಕಂಪನಿ ತಮ್ಮಾ?" ಎಂದೆ. "ಕಂಪನಿ ಒಳಗ ಐತ್ರಿ ಅಣ್ಣಾರ, ನಾವು ಗೇಟಿನಾಗ ಅದೀವ್ರಿ" ಎಂದ. ಏಳು ವರ್ಷದಿಂದ ಅದೇ ಗೇಟು. ಏಜೆನ್ಸಿ ಮೂರು ಸಲ ಬದಲಾಗಿದೆ. ಬದಲಾದಾಗಲೆಲ್ಲ ಅವನು ಹೊಸಬ. ಏಳು ವರ್ಷದ ಸೇವೆ ಯಾವ ಪುಸ್ತಕದಲ್ಲೂ ಇಲ್ಲ.

ಈ ಗೇಟುಗಳು ಆಕಾಶದಿಂದ ಉದುರಿದವಲ್ಲ. ನಮ್ಮ ರಾಜ್ಯ ಸರ್ಕಾರ 1976ರಲ್ಲಿ ಕಿಯೋನಿಕ್ಸ್ ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸಿನಿಂದ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಊರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. 1997ರಲ್ಲಿ ದೇಶದಲ್ಲೇ ಮೊದಲು ಐಟಿ ನೀತಿ ತಂದ ರಾಜ್ಯ ನಮ್ಮದು. ನೆಲ ಕೊಟ್ಟವರು ನಮ್ಮ ರೈತರು, ರಿಯಾಯಿತಿ ಕೊಟ್ಟದ್ದು ನಮ್ಮ ಬೊಕ್ಕಸ. ಕೊಟ್ಟವನಿಗೆ ಷರತ್ತು ಹಾಕುವ ಅಧಿಕಾರವಿಲ್ಲವೇ?

ಇದೆ. ಷರತ್ತು ಹಾಕಿಯೂ ಆಗಿದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಡಾ. ಸರೋಜಿನಿ ಮಹಿಷಿ ಸಮಿತಿ ನೇಮಿಸಿತು. 1986ರಲ್ಲಿ ಅಂತಿಮ ವರದಿ ಬಂತು, 58 ಶಿಫಾರಸುಗಳೊಂದಿಗೆ. ಅಂದಿನಿಂದ ಆ ವರದಿಯ ಹೆಸರು ಹೇಳದ ಚುನಾವಣೆಯಿಲ್ಲ. 2020-25ರ ಕೈಗಾರಿಕಾ ನೀತಿಯಲ್ಲೂ ಬರೆದಿದ್ದರು: ಒಟ್ಟು ಕೆಲಸಗಳಲ್ಲಿ ಕನಿಷ್ಠ ಶೇ. 70, ಡಿ ಗುಂಪಿನಲ್ಲಿ ಶೇ. 100 ಕನ್ನಡಿಗರಿಗೆ.

ಓದಲು ಚೆನ್ನಾಗಿದೆ. ಆದರೆ ಡಿ ಗುಂಪು ಎಲ್ಲಿದೆ ಹೇಳಿ? ಕಾವಲು ಏಜೆನ್ಸಿಗೆ, ಕಸ ಗುಡಿಸುವುದು ಇನ್ನೊಂದು ಏಜೆನ್ಸಿಗೆ, ಕ್ಯಾಂಟೀನು ಮತ್ತೊಬ್ಬನಿಗೆ, ಕ್ಯಾಬು ಮಗದೊಬ್ಬನಿಗೆ. ಕಂಪನಿಯ ಹಾಜರಿ ಪುಸ್ತಕ ತೆರೆದರೆ ಆ ಗುಂಪೇ ಇಲ್ಲ. ಇಲ್ಲದ ಗುಂಪಿನಲ್ಲಿ ನೂರಕ್ಕೆ ನೂರು ಕೊಡಲು ಯಾರಿಗೆ ಕಷ್ಟ? ನೀತಿ ಬರೆದವರು ಶೇಕಡಾವಾರು ಬರೆದರು. ಏಣಿಯ ಕೆಳಗಿನ ಮೆಟ್ಟಿಲನ್ನು ಗೇಟಿನ ಹೊರಗೆ ಎಸೆದದ್ದನ್ನು ನೋಡಲಿಲ್ಲ.

2024ರ ಜುಲೈ ನಿಮಗೆ ನೆನಪಿರಬೇಕು. 15ರಂದು ಸಚಿವ ಸಂಪುಟ ಮಸೂದೆಗೆ ಒಪ್ಪಿಗೆ ಕೊಟ್ಟಿತು: ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. 17ರಂದು ಮಸೂದೆ ತಡೆಹಿಡಿಯಲಾಯಿತು. ಎರಡೇ ದಿನ! ನಾವು ಪಟಾಕಿ ತರುವಷ್ಟರಲ್ಲಿ ಹಬ್ಬವೇ ಮುಗಿದಿತ್ತು.

ಸಿಟ್ಟು ಬರುತ್ತದೆ, ಬರಬೇಕು. ಆದರೆ ಸಿಟ್ಟಿನ ಜೊತೆ ಬುದ್ಧಿಯೂ ಇರಲಿ. ಹರಿಯಾಣ ಖಾಸಗಿ ಕೆಲಸಗಳಲ್ಲಿ ಶೇ. 75 ಸ್ಥಳೀಯರಿಗೆಂದು ಕಾಯ್ದೆ ಮಾಡಿತು. 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ರದ್ದುಮಾಡಿತು. ಎಲ್ಲ ಕಂಪನಿಗಳ ಮೇಲೂ ಒಂದೇ ಏಟಿಗೆ ಹೇರುವ ಕಾನೂನು ಕೋರ್ಟಿನ ಮೆಟ್ಟಿಲಲ್ಲಿ ಎಡವಬಹುದು. ಸರ್ಕಾರದ ನೆಲ ಬೇಕು, ರಿಯಾಯಿತಿ ಬೇಕು ಎನ್ನುವವನಿಗೆ ಹಾಕುವ ಷರತ್ತು ಹೆಚ್ಚು ಗಟ್ಟಿ ಎಂಬುದು ನನ್ನ ನಂಬಿಕೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಇದೇ ದಾರಿ ಹಿಡಿದಿದೆ: ಸವಲತ್ತು ಬೇಕಾದರೆ ಕೈಗಾರಿಕಾ ನೀತಿಯಂತೆ ಕನ್ನಡಿಗರಿಗೆ ಕೆಲಸ ಕೊಡು.

ಹಾಗಾದರೆ ಕೊರತೆ ಎಲ್ಲಿ? ಲೆಕ್ಕ ಕೇಳುವವರಿಲ್ಲ. ಆ ಕೆಲಸ ನಿಮ್ಮದು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಎರಡು ಟೀ ಕುಡಿಯದಿದ್ದರಾಯಿತು. ನಿಮ್ಮ ಬಡಾವಣೆಯ ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ಜಾಗ ಕೊಟ್ಟಿರಿ ಎಂದು ಕೆಐಎಡಿಬಿಯನ್ನು ಕೇಳಿ. ಯಾವ ರಿಯಾಯಿತಿ ಕೊಟ್ಟಿರಿ, ಎಷ್ಟು ಕನ್ನಡಿಗರಿಗೆ ಕೆಲಸವೆಂದು ಅವರು ವರದಿ ಕೊಟ್ಟಿದ್ದಾರೆ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕೇಳಿ. ಗುತ್ತಿಗೆಯವರನ್ನು ಸೇರಿಸಿ ಎಣಿಸಿದ್ದೀರಾ ಎಂಬ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಒಬ್ಬ ಕೇಳಿದರೆ ಕಡತ, ನೂರು ಜನ ಕೇಳಿದರೆ ಚಳವಳಿ.

ಇನ್ನೊಂದು ಮಾತು, ಕಹಿಯಾದರೂ ಕೇಳಿ. ನಮ್ಮ ಪಾಲು ಕೇಳುವ ಕೈಗೆ ಕಸುಬೂ ಇರಬೇಕು. ಲೇತ್ ಗೊತ್ತಿದ್ದವನು ಸಿಎನ್‌ಸಿ ಕಲಿಯಲಿ. ಇಂಗ್ಲಿಷಿನ ಸಂದರ್ಶನಕ್ಕೆ ಹೆದರುವವನಿಗೆ ಹೆದರಿಕೆ ಬಿಡಿಸುವ ಸಂಜೆ ತರಗತಿಯನ್ನು ನಮ್ಮ ಸಂಘಗಳೇ ನಡೆಸಲಿ. ರಾಜ್ಯೋತ್ಸವದ ಆರ್ಕೆಸ್ಟ್ರಾ ಖರ್ಚಿನಲ್ಲಿ ಅರ್ಧ ಸಾಕು.

ಪಕ್ಕದ ಶೆಡ್ಡಿನಲ್ಲಿ ದುಡಿಯುವ ಬಿಹಾರದ, ಒಡಿಶಾದ ಹುಡುಗನ ಮೇಲೆ ಹರಿಹಾಯಬೇಡಿ. ಅವನ ಕೊರಳಲ್ಲೂ ಗುತ್ತಿಗೆದಾರನ ಚೀಟಿಯೇ ಇದೆ. ಅವನಿಗೆ ಕನ್ನಡ ಕಲಿಸಿ, ಲೆಕ್ಕ ಕೇಳುವಾಗ ಜೊತೆಗೆ ನಿಲ್ಲಿಸಿಕೊಳ್ಳಿ.

2025-30ರ ಹೊಸ ನೀತಿ 20 ಲಕ್ಷ ಉದ್ಯೋಗದ ಗುರಿ ಇಟ್ಟಿದೆ. ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳ ಆಚೆ ಹೋಗುವ ಉದ್ದಿಮೆಗೆ ಹೆಚ್ಚು ಪ್ರೋತ್ಸಾಹವನ್ನೂ ಹೇಳಿದೆ. ಒಳ್ಳೆಯದು. ಗದಗದ ಹುಡುಗನಿಗೆ ಗದಗದಲ್ಲೇ ಕೆಲಸ ಸಿಗಲಿ. ಆದರೆ ಅಲ್ಲೂ ಅವನನ್ನು ಗೇಟಿನಲ್ಲೇ ನಿಲ್ಲಿಸಿದರೆ ಊರು ಬದಲಾಯಿತೇ ಹೊರತು ಬಾಳು ಬದಲಾಗಲಿಲ್ಲ.

ಆದ್ದರಿಂದ ಗೆಳೆಯರೇ, ನಾಳೆ ಬೆಳಿಗ್ಗೆ ಶಿಫ್ಟಿಗೆ ಹೋಗುವಾಗ ಕೊರಳಿನ ಚೀಟಿಯನ್ನು ಒಮ್ಮೆ ತಿರುಗಿಸಿ ಓದಿ. ಸಂಜೆ ಬಂದು ಅರ್ಜಿ ಬರೆಯಿರಿ, ಕನ್ನಡದಲ್ಲಿ.

ಈಗ ಘೋಷಣೆ ಕೂಗೋಣ. ಸಿರಿಗನ್ನಡಂ ಗೆಲ್ಗೆ!