ಅಳೆಯುವ ಕೊಳಗ ಯಾರ ಕೈಯಲ್ಲಿದೆ?

(ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ರೈತರು, ಕೂಲಿಕಾರರು ಮತ್ತು ಯುವಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ನಲ್ಲೂರಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ನಿಮ್ಮ ಹುಣಸೆ ತೋಪು. ಸುಮಾರು 54 ಎಕರೆಯ, ಮುನ್ನೂರರಷ್ಟು ಮುದಿಮರಗಳಿರುವ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಇಡೀ ಭಾರತದಲ್ಲಿ ಆ ಗೌರವ ಪಡೆದ ಮೊಟ್ಟಮೊದಲ ಜಾಗ ಇದು. ಮರಗಳು ಚೋಳರ ಕಾಲದವೆಂದು ಹಿರಿಯರು ಹೇಳುತ್ತಾರೆ. ಕೆಲವಕ್ಕಾದರೂ ನಾಲ್ಕುನೂರು ವರ್ಷ ದಾಟಿದೆಯೆಂದು ಬಲ್ಲವರು ಹೇಳುತ್ತಾರೆ. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಇದೇ ತಾಲ್ಲೂಕಿನಲ್ಲಿ ಸುಮಾರು 4,000 ಎಕರೆಯ ವಿಮಾನ ನಿಲ್ದಾಣ ತೆರೆಯಿತು. ಅದರ ಬೆನ್ನಿಗೇ ಹೋಟೆಲುಗಳು, ಬಡಾವಣೆಗಳು, ಕಾರ್ಖಾನೆಗಳು ಬಂದುವು. ಕೊನೆಗೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಬೇಕೆಂದು, ವಿಮಾನದ ಬಿಡಿಭಾಗಗಳನ್ನು ಮಾಡುವ ಕೈಗಾರಿಕೆಗಳಿಗೆ ಕೊಡಬೇಕೆಂದು, ನಿಮಗೆ ನೋಟೀಸು ಬಂತು. ತೋಪನ್ನು ಉಳಿಸಬೇಕೆಂದು ಆಜ್ಞೆ ಮಾಡಿದ್ದ ಸರ್ಕಾರಕ್ಕೆ ತೋಪಿನ ಸುತ್ತ ಬದುಕುವ ಜನ ಕಾಣಿಸಲಿಲ್ಲ.

ಮುಂದಿನ ಕಥೆಯನ್ನು ನಾವು ನಿಮಗೆ ಹೇಳಬೇಕಾಗಿಲ್ಲ. ಅದನ್ನು ನಡೆಸಿದವರೇ ನೀವು. 2022ರ ಏಪ್ರಿಲ್‌ನಲ್ಲಿ ಧರಣಿಗೆ ಕುಳಿತವರು 1,198 ದಿನ ಏಳಲಿಲ್ಲ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹಾಲು — ಇವುಗಳ ಮೇಲೆ ಬದುಕುವ ಸಣ್ಣ ಹಿಡುವಳಿದಾರರು, ಅವರಲ್ಲೂ ಅನೇಕ ದಲಿತ ಕುಟುಂಬಗಳು, ಪೋಲೀಸರ ಬಂಧನಕ್ಕೂ ಜಗ್ಗಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಅದರ ಬೆನ್ನಿಗೇ ಆಂಧ್ರದ ಮಂತ್ರಿ ನಾರಾ ಲೋಕೇಶ್ ಅವರು, ನಮ್ಮಲ್ಲಿ ಭೂಮಿ ಸಿದ್ಧವಾಗಿದೆ, ಇಲ್ಲಿಗೆ ಬನ್ನಿರೆಂದು ಕಂಪನಿಗಳನ್ನು ಕರೆದರು. ಇಲ್ಲಿ ತಪ್ಪಿದ ಹೊರೆ ಗಡಿಯಾಚೆಯ ರೈತನ ಹೆಗಲಿಗೆ ಬೀಳುವುದಾದರೆ ನಮ್ಮ ಗೆಲುವು ಅರ್ಧ ಗೆಲುವು ಮಾತ್ರ. ಆದುದರಿಂದಲೇ ಈ ಹೊತ್ತು ನಾವು ಭೂಮಿಯ ಪ್ರಶ್ನೆಯನ್ನು ಇನ್ನೂ ದೊಡ್ಡ ಪ್ರಶ್ನೆಯೊಂದಿಗೆ ಸೇರಿಸಿ ಮಾತನಾಡಲು ಬಂದಿದ್ದೇವೆ.

1951ರ ಕಾಗೋಡು ಸತ್ಯಾಗ್ರಹವನ್ನು ನಮ್ಮ ಹಿರಿಯರು ಮರೆತಿಲ್ಲ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗೇಣಿದಾರರು ಎದ್ದು ನಿಂತರು. ಶಾಂತವೇರಿ ಗೋಪಾಲಗೌಡರು ಅವರೊಡನೆ ನಿಂತರು. ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಸೆರೆಯಾದರು. ಆ ಜಗಳದ ಬುಡದಲ್ಲಿದ್ದ ದೂರುಗಳಲ್ಲಿ ಒಂದು ಬಹಳ ಸಣ್ಣದಾಗಿ ಕಾಣುವಂಥದು: ಗೇಣಿಯ ಭತ್ತವನ್ನು ಅಳೆಯುವ ಕೊಳಗ. ಒಡೆಯನ ಮನೆಯ ಕೊಳಗ ದೊಡ್ಡದು. ಕೊಡುವವನ ಲೆಕ್ಕದಲ್ಲಿ ಒಂದಾದರೆ ತೆಗೆದುಕೊಳ್ಳುವವನ ಲೆಕ್ಕದಲ್ಲಿ ಇನ್ನೊಂದು. ಅಳತೆ ಯಾರ ಕೈಯಲ್ಲಿದೆಯೋ ನ್ಯಾಯವೂ ಅವರ ಕೈಯಲ್ಲಿರುತ್ತದೆಯೆಂಬುದನ್ನು ಅಲ್ಲಿನ ಬಡವರು ಪುಸ್ತಕ ಓದದೆ ಕಲಿತರು.

ಇಂದು ಭೂಮಿ ಕಾಯುತ್ತಿದೆ. ಮಳೆ ಹದ ತಪ್ಪುತ್ತಿದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಬೇಕಾಯಿತು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲುಗಳನ್ನು ಸುಟ್ಟ ಹೊಗೆಯ ಅನಿಲ ಗಾಳಿಯಲ್ಲಿ ಸೇರಿ, ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಇದರಲ್ಲಿ ವಿವಾದವಿಲ್ಲ. ವಿವಾದವಿರುವುದು ಹೊಣೆಯ ಅಳತೆಯಲ್ಲಿ.

ದೇಶದ ಒಟ್ಟು ಲೆಕ್ಕವನ್ನು ಹಿಡಿದರೆ ಚೀನ, ಅಮೆರಿಕಗಳ ನಂತರ ಭಾರತ ಮೂರನೆಯದು. ತಲಾ ಲೆಕ್ಕ ಹಿಡಿದರೆ ಭಾರತೀಯನ ಪಾಲಿಗೆ ವರ್ಷಕ್ಕೆ ಇಂಗಾಲಾಮ್ಲ ಅನಿಲ ಸುಮಾರು 2 ಟನ್. ಅಮೆರಿಕನ ಪಾಲಿಗೆ ಸುಮಾರು 14 ಟನ್. ಆದುದರಿಂದಲೇ 1992ರಲ್ಲಿ ರಿಯೋ ನಗರದಲ್ಲಿ ರಾಷ್ಟ್ರಗಳು ಸೇರಿದಾಗ, ಹೊಣೆ ಎಲ್ಲರದೂ ಹೌದು, ಆದರೆ ಸಮನಾದುದಲ್ಲ ಎಂಬ ತತ್ವವನ್ನು ಒಪ್ಪಿಕೊಳ್ಳಲಾಯಿತು. ಒಪ್ಪಿಕೊಂಡದ್ದೇನೋ ಸರಿ; ಕೊಟ್ಟದ್ದೆಷ್ಟು? 2024ರಲ್ಲಿ ಬಾಕುವಿನಲ್ಲಿ ನಡೆದ ಸಮ್ಮೇಳನದಲ್ಲಿ ಬಡ ರಾಷ್ಟ್ರಗಳು ವರ್ಷಕ್ಕೆ 1,30,000 ಕೋಟಿ ಡಾಲರ್ ಕೇಳಿದರೆ, ಸಿರಿವಂತ ರಾಷ್ಟ್ರಗಳು 2035ರ ಹೊತ್ತಿಗೆ 30,000 ಕೋಟಿ ಡಾಲರಿನ ಮಾತು ಕೊಟ್ಟು ಎದ್ದವು. ಭಾರತದ ಪ್ರತಿನಿಧಿಗಳು ಅದನ್ನು ಪ್ರತಿಭಟಿಸಿದ್ದು ನ್ಯಾಯವೇ ಸರಿ.

ಆದರೆ ಸಮಾಜವಾದಿಗಳಾದ ನಾವು ಅಲ್ಲಿಗೇ ನಿಲ್ಲುವಂತಿಲ್ಲ. ಆ 2 ಟನ್ನಿನ ಸರಾಸರಿಯಲ್ಲಿ ಯಾರು ಯಾರು ಸೇರಿದ್ದಾರೆ? ಕಳೆ ಕೀಳಲು ಹೋಗುವ ನಲ್ಲೂರಿನ ಕೂಲಿ ಹೆಣ್ಣುಮಗಳೂ ಸೇರಿದ್ದಾಳೆ. ತಿಂಗಳಿಗೆರಡು ಸಲ ವಿಮಾನವೇರುವ ಬೆಂಗಳೂರಿನ ಧಣಿಯೂ ಸೇರಿದ್ದಾನೆ. ಬೆಂಗಳೂರಿನಿಂದ ಲಂಡನ್ನಿಗೆ ಒಮ್ಮೆ ಹೋಗಿಬಂದರೆ ಒಬ್ಬ ಪ್ರಯಾಣಿಕನ ಪಾಲಿಗೆ ಒಂದು ಟನ್ನಿಗೂ ಮಿಕ್ಕಿ ಅನಿಲ ಬೀಳುತ್ತದೆ; ಅಂದರೆ ಸರಾಸರಿ ಭಾರತೀಯನ ಅರ್ಧ ವರ್ಷದ ಪಾಲು ಒಂದು ಪ್ರಯಾಣದಲ್ಲಿ ಮುಗಿಯಿತು. ಬಡವರು ಕಡಿಮೆ ಸುಡುವುದರಿಂದ ನಮ್ಮ ಸರಾಸರಿ ತಗ್ಗಿದೆ. ಆ ತಗ್ಗಿನ ಮರೆಯಲ್ಲಿ ನಮ್ಮ ಸಿರಿವಂತರು ಅಡಗಿ ಕುಳಿತಿದ್ದಾರೆ. ಲೋಕದ ಲೆಕ್ಕವೂ ಹೀಗೆಯೇ. ಆಕ್ಸ್‌ಫ್ಯಾಮ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪ್ರಪಂಚದ ಶೇಕಡ 1ರಷ್ಟು ಅತಿ ಸಿರಿವಂತರು 2019ರಲ್ಲಿ ಹೊರಹಾಕಿದ ಅನಿಲ, ಬಡವರಾದ 500 ಕೋಟಿ ಜನ ಹೊರಹಾಕಿದ ಅನಿಲಕ್ಕೆ ಸಮ. ದೇಶ ದೇಶಗಳ ನಡುವೆ ನ್ಯಾಯ ಕೇಳುವವರು ದೇಶದ ಒಳಗೆ ನ್ಯಾಯ ಕೊಡಲಾರೆವೆಂದರೆ ಆ ಬೇಡಿಕೆಗೆ ಬಲವೆಲ್ಲಿಂದ ಬರಬೇಕು?

ಇನ್ನು ಹೊಸ ಯಂತ್ರಗಳ ಮಾತು. ಹೊಗೆಯಿಲ್ಲದ ಕೈಗಾರಿಕೆ ಎಂದು ಹೊಗಳಿಸಿಕೊಳ್ಳುವ ಗಣಕಯಂತ್ರದ ಉದ್ಯಮವನ್ನು ನೋಡೋಣ. ನಿಮ್ಮ ಮಗನ ಫೋನಿನಲ್ಲಿ ಕಾಣುವ ಚಿತ್ರ, ಕೇಳಿದ ಪ್ರಶ್ನೆಗೆ ಬರುವ ಉತ್ತರ, ಇವೆಲ್ಲ ಗಾಳಿಯಲ್ಲಿ ಹುಟ್ಟುವುದಿಲ್ಲ. ಡೇಟಾ ಸೆಂಟರ್ ಎಂಬ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಯಂತ್ರಗಳು ಹಗಲು ರಾತ್ರಿ ಓಡುತ್ತವೆ. ಅವು ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಕಳೆಯಲು ಒಂದೋ ನೀರನ್ನು ಆವಿ ಮಾಡಬೇಕು, ಇಲ್ಲವೇ ಇನ್ನಷ್ಟು ವಿದ್ಯುತ್ ಸುರಿಯಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಪ್ರಪಂಚದ ಡೇಟಾ ಸೆಂಟರುಗಳು 41,500 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದವು. 2030ಕ್ಕೆ ಅದು ಇಮ್ಮಡಿಗೂ ಮಿಕ್ಕಿ, ಸುಮಾರು 94,500 ಕೋಟಿ ಯೂನಿಟ್ಟಿಗೆ ಏರಲಿದೆ. ಕೃತಕ ಬುದ್ಧಿಯ ಯಂತ್ರಗಳೇ ಈ ಏರಿಕೆಗೆ ಮುಖ್ಯ ಕಾರಣ. ಒಂದು ಫೋನಿನ ಆಯುಸ್ಸಿನುದ್ದಕ್ಕೂ ಆಗುವ ಹೊಗೆಯ ಬಹುಪಾಲು, ನಾವು ಅದನ್ನು ಕೈಗೆತ್ತಿಕೊಳ್ಳುವ ಮೊದಲೇ, ತಯಾರಿಕೆಯಲ್ಲಿಯೇ ಆಗಿಹೋಗಿರುತ್ತದೆ. ವರ್ಷಕ್ಕೊಂದು ಹೊಸ ಫೋನು ಕೊಳ್ಳುವವನಿಗೂ ಐದು ವರ್ಷ ಒಂದೇ ಫೋನನ್ನು ರಿಪೇರಿ ಮಾಡಿಸಿ ಬಳಸುವವನಿಗೂ ಇರುವ ಅಂತರ ಇದು.

ಹಾಗೆಂದು ಯಂತ್ರವೇ ಬೇಡವೆನ್ನುವವರು ನಾವಲ್ಲ. ನಮ್ಮ ಕಿಸೆಯಲ್ಲೂ ಫೋನಿದೆ. ಇದೇ ತಾಲ್ಲೂಕಿನಲ್ಲಿ ಫಾಕ್ಸ್‌ಕಾನ್ ಕಂಪನಿಯ ಫೋನು ಕಾರ್ಖಾನೆ 2025ರಲ್ಲಿ ಕೆಲಸ ಆರಂಭಿಸಿದೆ; ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ದುಡಿಯುತ್ತಿದ್ದಾರೆ. ಸಂಬಳದ ದಿನ ತಾಯಿಯ ಕೈಗೆ ಹಣ ಕೊಡುವ ಆ ಮಗಳಿಗೆ ಕಾರ್ಖಾನೆ ಬೇಡವೆಂದು ಹೇಳುವ ಅಧಿಕಾರ ನಮಗಿಲ್ಲ. ನಾವು ಕೇಳುವುದಿಷ್ಟೇ: ಯಂತ್ರದ ಲಾಭ ಯಾರಿಗೆ, ಅದರ ಬಿಸಿ ಯಾರಿಗೆ? 1952ರಲ್ಲಿ ಪಚ್‌ಮಢಿಯಲ್ಲಿ ಲೋಹಿಯಾ ಅವರು ಬಂಡವಾಳಶಾಹಿಯೂ ಕಮ್ಯೂನಿಸಮ್ಮೂ ಒಂದೇ ಬಗೆಯ ದೈತ್ಯ ಯಂತ್ರಕ್ಕೆ ಮರುಳಾಗಿವೆಯೆಂದೂ, ಬಂಡವಾಳ ಕಡಿಮೆ, ಕೈಗಳು ಹೆಚ್ಚಾಗಿರುವ ನಮ್ಮಂಥ ನಾಡಿಗೆ ಸಣ್ಣ ಯಂತ್ರವೇ ತಕ್ಕುದೆಂದೂ ವಾದಿಸಿದರು. ಕಾಲ ಬದಲಾಗಿದೆ, ಎಲ್ಲ ಯಂತ್ರವನ್ನೂ ಸಣ್ಣದು ಮಾಡಲಾಗದು. ಆದರೆ ಯಂತ್ರವನ್ನು ಜನರ ಅಳತೆಗೆ ತರಬೇಕೆಂಬ ಆ ಮಾತು ಹಳತಾಗಿಲ್ಲ.

ನೀರಿನ ಲೆಕ್ಕವನ್ನೂ ಒಮ್ಮೆ ನೋಡಿ. ನಮ್ಮದು ಬತ್ತದ ಹೊಳೆಯಿಲ್ಲದ ಸೀಮೆ. ಬೆಂಗಳೂರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪುಗಳಿಂದ ಮೇಲಕ್ಕೆತ್ತಿ ಕುಡಿಯುತ್ತದೆ. ಆ ಎತ್ತುವಿಕೆಗೂ ವಿದ್ಯುತ್ ಬೇಕು, ಅದರಲ್ಲೂ ಹೊಗೆಯಿದೆ. 2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿದುವೆಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನಗರಕ್ಕೆ ಸೇರುವಂತಾಯಿತು. ನಮ್ಮ ಕೆರೆಗಳಿಗೆ, ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ, ಬರುವುದು ನಗರ ಬಳಸಿ ಬಿಟ್ಟ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಿ ಮಾಡಿದ ನೀರು. ಮೂರನೆಯ ಹಂತದ ಶುದ್ಧಿ ಮಾಡಿಕೊಡಿರೆಂದು ಬಯಲುಸೀಮೆಯ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಮೊದಲ ನೀರು ನಗರಕ್ಕೆ, ಎರಡನೆಯ ನೀರು ಹಳ್ಳಿಗೆ. ಇದಕ್ಕಿಂತ ಸ್ಪಷ್ಟವಾದ ಜಾತಿಪದ್ಧತಿ ನೀರಿನಲ್ಲಿ ಇನ್ನಾವುದಿದೆ?

ನಮ್ಮ ತಪ್ಪನ್ನೂ ಮುಚ್ಚಿಡಬಾರದು. ಸಾವಿರ ಅಡಿ ದಾಟಿ ಕೊರೆಸಿದವರು ನಾವೂ ಹೌದು. ನೆರೆಯವನ ಬಾವಿ ಬತ್ತಿದರೂ ನಮ್ಮ ದ್ರಾಕ್ಷಿಗೆ ನೀರು ಬಿಟ್ಟವರು ನಮ್ಮಲ್ಲೂ ಇದ್ದಾರೆ. ಕೊರೆಸಲು ಹಣವಿದ್ದವನಿಗೆ ನೀರು, ಇಲ್ಲದವನಿಗೆ ಸಾಲ ಎಂಬುದು ಹಳ್ಳಿಯೊಳಗಿನ ಅಸಮಾನತೆ. ಕಂಪನಿಯನ್ನು ಕೇಳುವ ಪ್ರಶ್ನೆಯನ್ನು ನಮ್ಮನ್ನೂ ಕೇಳಿಕೊಂಡರೆ ಮಾತ್ರ ನಮ್ಮ ದನಿಗೆ ತೂಕ ಬರುತ್ತದೆ.

ಸೂರ್ಯಶಕ್ತಿ ಬಂದರೆ ಎಲ್ಲ ಸರಿಹೋಗುತ್ತದೆನ್ನುವವರು ಪಾವಗಡಕ್ಕೆ ಹೋಗಿಬರಬೇಕು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರ 2019ರ ಕೊನೆಗೆ ಪೂರ್ಣಗೊಂಡಿತು. ಸರ್ಕಾರ ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿನಂತೆ ಗುತ್ತಿಗೆಗೆ ಪಡೆಯಿತು. ಒಡೆತನ ರೈತನಲ್ಲೇ ಉಳಿಯಿತು. ಇದು ಮೆಚ್ಚತಕ್ಕ ಮಾತು. ಇಲ್ಲೇಕೆ ಆಗಲಿಲ್ಲವೆಂದು ಕೇಳತಕ್ಕ ಮಾತೂ ಹೌದು. ಆದರೆ ಭೂಮಿಯಿದ್ದವನಿಗೆ ಬಾಡಿಗೆ ಬಂತು. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಬಾಡಿಗೆಯಲ್ಲಿ ಪಾಲಿಲ್ಲ. ಎಕರೆ ಹೆಚ್ಚಿದ್ದವನಿಗೆ ಹಣವೂ ಹೆಚ್ಚು. ಸೂರ್ಯ ಎಲ್ಲರಿಗೂ ಸಮನಾಗಿ ಬೆಳಗುತ್ತಾನೆ. ಗುತ್ತಿಗೆಯ ಪತ್ರ ಹಾಗಲ್ಲ.

ಈಗ ನಲ್ಲೂರಿಗೇ ಮರಳೋಣ. ಸ್ವಾಧೀನ ನಿಂತಿದೆ, ಭೂಮಿ ಮಾರುವ ಬಾಗಿಲು ಮುಚ್ಚಿಲ್ಲ. ಮನಸ್ಸಿದ್ದವರು ಕೊಡಬಹುದೆಂದು ಸರ್ಕಾರ ಅದೇ ದಿನ ಹೇಳಿತು. 2020ರಲ್ಲಿ ಭೂಸುಧಾರಣಾ ಕಾಯಿದೆಯನ್ನು ತಿದ್ದಿದ ಮೇಲೆ ಸಾಗುವಳಿ ಮಾಡದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. 1974ರಲ್ಲಿ ಜಾರಿಗೆ ಬಂದ ಕಾನೂನಿನಿಂದ ಗೇಣಿದಾರನಿಗೆ ಸಿಕ್ಕ ಹೊಲ, ಅವನ ಮೊಮ್ಮಗನ ಮದುವೆ ಸಾಲಕ್ಕೋ ಆಸ್ಪತ್ರೆ ಖರ್ಚಿಗೋ ಕೈಬಿಟ್ಟು ಹೋದರೆ, 1,198 ದಿನ ಕುಳಿತದ್ದು ಏತಕ್ಕೆ? ಬೇಸಾಯದಲ್ಲಿ ಬದುಕು ಗಿಟ್ಟದಿದ್ದರೆ ಯಾವ ಧರಣಿಯೂ ಭೂಮಿಯನ್ನು ಉಳಿಸಲಾರದು. ಬೆಳೆಗೆ ಬೆಲೆ, ಕೆರೆಗೆ ಶುದ್ಧ ನೀರು, ಕೂಲಿಗೆ ನ್ಯಾಯವಾದ ದರ — ಇವು ಈಗಿನಿಂದ ನಮ್ಮ ಹೋರಾಟದ ಭಾಗಗಳಾಗಬೇಕು.

ಆದುದರಿಂದ ನಾವು ನಾಲ್ಕು ಬೇಡಿಕೆಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು: ಈ ಜಿಲ್ಲೆಯ ಪ್ರತಿಯೊಂದು ದೊಡ್ಡ ಕಾರ್ಖಾನೆ, ಡೇಟಾ ಸೆಂಟರ್, ಬಡಾವಣೆ ಎಷ್ಟು ನೀರು, ಎಷ್ಟು ವಿದ್ಯುತ್ ಬಳಸುತ್ತದೆಂಬ ಲೆಕ್ಕ ಗ್ರಾಮಸಭೆಯ ಮುಂದೆ ವರ್ಷವರ್ಷವೂ ಬರತಕ್ಕದ್ದು. ಎರಡನೆಯದು: ಬಳಸಿ ಶುದ್ಧಿ ಮಾಡಿದ ನೀರನ್ನು ಮೊದಲು ಕೈಗಾರಿಕೆಗಳು ಬಳಸತಕ್ಕದ್ದು, ಕೆರೆಗೆ ಬಿಡುವ ನೀರಿಗೆ ಮೂರನೆಯ ಹಂತದ ಶುದ್ಧಿ ಆಗತಕ್ಕದ್ದು. ಮೂರನೆಯದು: ಸಾರ್ವಜನಿಕ ಉದ್ದೇಶಕ್ಕೆ ಭೂಮಿ ಬೇಕೇ ಆದರೆ ಗುತ್ತಿಗೆಗೆ ಪಡೆಯಲಿ, ಅದರ ಬಾಡಿಗೆಯಲ್ಲಿ ಭೂಹೀನ ಕೂಲಿಕಾರರಿಗೂ ಗೊತ್ತುಪಡಿಸಿದ ಪಾಲಿರಲಿ. ನಾಲ್ಕನೆಯದು: ಹೆಚ್ಚು ಸುಡುವವರು ಹೆಚ್ಚು ತೆರಲಿ, ಖಾಸಗಿ ವಿಮಾನಕ್ಕೆ, ಮೇಲ್ದರ್ಜೆಯ ವಿಮಾನ ಪ್ರಯಾಣಕ್ಕೆ ವಿಶೇಷ ತೆರಿಗೆ ಹಾಕಿ, ಆ ಹಣವನ್ನು ಬರಪೀಡಿತ ತಾಲ್ಲೂಕುಗಳ ಕೆರೆಗಳಿಗೂ ಬಿತ್ತನೆಗೂ ಕೊಡಲಿ.

ಇವು ಹೆಚ್ಚಿನ ಬೇಡಿಕೆಗಳೆಂದು ಕೆಲವರು ನಗಬಹುದು. ಗೇಣಿದಾರ ಕೊಳಗದ ಮಾತೆತ್ತಿದಾಗಲೂ ನಕ್ಕವರಿದ್ದರು. ಮುಂದಿನ ಗ್ರಾಮಸಭೆಯಲ್ಲಿ ಮೊದಲನೆಯ ಬೇಡಿಕೆಯನ್ನೊಂದಾದರೂ ಬರೆದು ಕೊಡಿ, ನಡವಳಿ ಪುಸ್ತಕದಲ್ಲಿ ಸೇರಿಸುವಂತೆ ಪಟ್ಟುಹಿಡಿಯಿರಿ. ನೀರಿನ ಲೆಕ್ಕ, ಹೊಗೆಯ ಲೆಕ್ಕ, ಎರಡೂ ಜನರ ಕೊಳಗದಲ್ಲಿ ಅಳೆಯುವಂತಾಗಬೇಕು. ನಾಲ್ಕುನೂರು ವರ್ಷ ನಿಂತ ಮರಗಳು ನಿಮ್ಮ ಊರಿನಲ್ಲಿವೆ. ಅವುಗಳ ನೆರಳಿನಲ್ಲಿ ಆಡುವ ಮಕ್ಕಳಿಗೆ ಹೊಲವೂ ನೀರೂ ಉಳಿಯಬೇಕು. ಅದಕ್ಕಾಗಿ ನಾವು ನಿಮ್ಮೊಡನೆ ಇದ್ದೇವೆ.