ಬಿಸಿ ತಾಳುವ ಎಪಾಕ್ಸಿ ಮತ್ತು ಇಂಗಾಲದ ನ್ಯಾನೋ ನಳಿಕೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ನನಗೇಕೆ ಈ ವಿಷಯ ಎಂದು ನೀವು ಕೇಳಬಹುದು. ನಮ್ಮ ಅಬ್ಬಾ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದರು. ಸುಟ್ಟ ಪಂಪ್‌ಸೆಟ್ ಬಿಚ್ಚಿದಾಗ ಬರುವ ವಾರ್ನಿಷ್ ವಾಸನೆಯಲ್ಲೇ ನಾನು ಬೆಳೆದದ್ದು. ಮೊದಲು ಸೋಲುತ್ತಿದ್ದುದು ತಾಮ್ರವಲ್ಲ, ಅದರ ಮೇಲಿನ ಹೊದಿಕೆ. ಅಂಥದೇ ಮನೆಯ ಹುಡುಗನೊಬ್ಬ ತರಗತಿಯಲ್ಲಿ, "ಟೀಚರ್, ಬಿಸಿಗೆ ಸೋಲದ ಅಂಟು ಇಲ್ಲವೆ?" ಎಂದ. ಉತ್ತರ ಹುಡುಕುತ್ತಾ ಇಲ್ಲಿಗೆ ಬಂದೆ.

ಎರಡು ಟ್ಯೂಬುಗಳಿಂದ ಹಿಂಡಿ ಕಲಸುವ ಅಂಟನ್ನು ನೀವೆಲ್ಲ ನೋಡಿದ್ದೀರಿ. ಅದೇ ಎಪಾಕ್ಸಿ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ್ಯ. ಎರಡೂ ಸೇರಿ ಬಲೆಯಂತೆ ಹೆಣೆದುಕೊಳ್ಳುತ್ತವೆ. ಆದರೆ ಬಿಸಿ ಏರಿದಾಗ ಈ ಬಲೆ ಸಡಿಲಗೊಂಡು ಮೆತ್ತಗಾಗುತ್ತದೆ. ಸಾಮಾನ್ಯ ಸರ್ಕಿಟ್ ಬೋರ್ಡಿನ ಎಪಾಕ್ಸಿಗೆ ಈ ಮಿತಿ ಸುಮಾರು 130ರಿಂದ 140 ಡಿಗ್ರಿ ಸೆಲ್ಸಿಯಸ್. ನನಗೆ ಇದಕ್ಕಿಂತ ದೊಡ್ಡದೆನಿಸುವ ದೋಷ ಇನ್ನೊಂದು: ಅದು ಬಿಸಿಯನ್ನು ಹೊರಗೆ ಸಾಗಿಸುವುದೇ ಇಲ್ಲ. ತಾಮ್ರದ ಉಷ್ಣವಾಹಕತೆ ಸುಮಾರು 400; ಅದೇ ಅಳತೆಯಲ್ಲಿ ಎಪಾಕ್ಸಿಯದು 0.2.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಪ್ರಕಟಿಸಿದ ಲೇಖನದಿಂದ ಇಂಗಾಲದ ನ್ಯಾನೋ ನಳಿಕೆಗಳು ಜಗತ್ತಿನ ಗಮನ ಸೆಳೆದವು. ಕೂದಲೆಳೆಯ ಸಾವಿರಾರು ಪಾಲಿನಲ್ಲಿ ಒಂದು ಪಾಲು ದಪ್ಪದ ಕೊಳವೆಗಳಿವು. 2001ರಲ್ಲಿ ಒಂಟಿ ನಳಿಕೆಯನ್ನು ಅಳೆದಾಗ ವಾಹಕತೆ 3000 ಮೀರಿತು! ಮರುವರ್ಷ ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು ತೂಕದಲ್ಲಿ ಶೇಕಡ 1ರಷ್ಟು ನಳಿಕೆ ಬೆರೆಸಿದಾಗ ಎಪಾಕ್ಸಿಯ ವಾಹಕತೆ ಶೇಕಡ 125ರಷ್ಟು ಹೆಚ್ಚಿತು. ಕೇಳಲು ದೊಡ್ಡ ಸುದ್ದಿ. ಲೆಕ್ಕ ಹಾಕಿ ಮಕ್ಕಳೆ, 0.2 ಇದ್ದದ್ದು 0.45 ಆಯಿತು, ಅಷ್ಟೆ. ಉಳಿದದ್ದೆಲ್ಲಿ ಹೋಯಿತು?

ನಳಿಕೆ ಮತ್ತು ಅಂಟು ಕೂಡುವ ಗಡಿಯಲ್ಲಿ. ನಳಿಕೆಗಳು ಸರಿಯಾಗಿ ತಿರುವದ ಮುದ್ದೆಯ ಹಾಗೆ ಗಂಟುಗಟ್ಟುತ್ತವೆ. ಅಂಟಿನೊಡನೆ ಬೆರೆಯುವುದಿಲ್ಲ, ಬಿಸಿ ದಾಟುವುದಿಲ್ಲ. ಅದಕ್ಕೇ ಅವನ್ನು ಮಾರ್ಪಡಿಸುತ್ತಾರೆ. ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳಲ್ಲಿ ಸಂಸ್ಕರಿಸಿ ಮೈಮೇಲೆ ಕಾರ್ಬಾಕ್ಸಿಲ್ ಗುಂಪುಗಳನ್ನು ಮೂಡಿಸಿ, ಅವಕ್ಕೆ ಅಮೀನ್ ಜೋಡಿಸುತ್ತಾರೆ. ಎಪಾಕ್ಸಿಯನ್ನು ಗಟ್ಟಿ ಮಾಡುವುದೂ ಹೆಚ್ಚಾಗಿ ಅಮೀನ್ ಜಾತಿಯ ದ್ರವ್ಯವೇ. ಹೀಗಾಗಿ ನಳಿಕೆಯೂ ಬಲೆಯ ಒಂದು ಎಳೆಯಾಗುತ್ತದೆ. ಹಲವು ಪ್ರಯೋಗಗಳಲ್ಲಿ ಮೆತ್ತಗಾಗುವ ಮಿತಿ ಮೇಲೇರಿದೆ. ಕೆಲವದರಲ್ಲಿ ಇಳಿದದ್ದೂ ಉಂಟು. ಆಮ್ಲದ ಕೆಲಸ ಅತಿಯಾದರೆ ನಳಿಕೆ ತುಂಡಾಗಿ, ಗೋಡೆ ಹಾಳಾಗಿ, ಬಿಸಿ ಒಯ್ಯುವ ಗುಣವೇ ಕುಂದುತ್ತದೆ.

ಹುಡುಗ ಬಿಡಲಿಲ್ಲ. "ಹಾಗಾದರೆ ಮೋಟಾರಿಗೆ ಹಚ್ಚಬಹುದಲ್ಲ?" ಹಚ್ಚುವಂತಿಲ್ಲ. ನಳಿಕೆ ವಿದ್ಯುತ್ತನ್ನೂ ಒಯ್ಯುತ್ತದೆ. ಶೇಕಡ ಒಂದಕ್ಕಿಂತ ಕಡಿಮೆ ಬೆರೆಸಿದರೂ ಎಪಾಕ್ಸಿ ವಾಹಕವಾಗಬಲ್ಲದು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆದ್ದರಿಂದ ಕೆಲವರು ನಳಿಕೆಗೆ ಸಿಲಿಕಾದ ಅಂಗಿ ತೊಡಿಸಿದ್ದಾರೆ. ಅಂಥ ಪ್ರಯೋಗಗಳಲ್ಲಿ ವಿದ್ಯುತ್ ತಡೆಯುವ ಗುಣ ಉಳಿದು, ಉಷ್ಣವಾಹಕತೆ ಏರಿದೆ.

"ಸಿಲಿಕಾ ಬಿಸಿಯನ್ನೂ ತಡೆಯುವುದಿಲ್ಲವೆ, ಟೀಚರ್?" ಎಂದ. ಅದು ಎಪಾಕ್ಸಿಗಿಂತ ಚೆನ್ನಾಗಿ ಬಿಸಿ ಒಯ್ಯುತ್ತದೆ, ಆದರೆ ನಳಿಕೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಆ ಅಂಗಿ ಆದಷ್ಟು ತೆಳುವಾಗಿರಬೇಕು, ಎಲ್ಲಿಯೂ ಹರಿದಿರಬಾರದು.